ಬಾಗ್ಡೋಗ್ರಾ ವಿಮಾನದಲ್ಲಿ ಯಾವ ಕಡೆ ಕಿಟಕಿ? ಹೋಗಿ ಬಂದವರು ಹೇಳಿ

ಜಯನಗರದಿಂದ: ನವೆಂಬರ್‌ನಲ್ಲಿ ಅಮ್ಮನನ್ನು ಡಾರ್ಜಿಲಿಂಗ್‌ಗೆ ಕರೆದುಕೊಂಡು ಹೋಗುತ್ತಿದ್ದೇನೆ. ಬೆಂಗಳೂರಿಂದ ಬಾಗ್ಡೋಗ್ರಾಗೆ ನೇರ ವಿಮಾನ, ಬೆಳಗ್ಗೆ. ಮೇಲಿಂದಲೇ ಕಾಂಚನಜುಂಗಾ ನೋಡಬೇಕು ಅನ್ನೋದು ಅಮ್ಮನ ಆಸೆ. ಎಡಗಡೆ ಕಿಟಕಿಯ ಎ ಸೀಟ್ ತಗೊಳ್ಳಲಾ, ಬಲಗಡೆ ಕಿಟಕಿಯ ಎಫ್ ತಗೊಳ್ಳಲಾ? ಅಮ್ಮನಿಗೆ ಮಂಡಿ ನೋವು ಬೇರೆ.

ಮಲ್ಲೇಶ್ವರದವರು: ಕಣ್ಣು ಮುಚ್ಚಿಕೊಂಡು ಎ ತಗೊಳ್ಳಿ. ವಿಮಾನ ಈಶಾನ್ಯಕ್ಕೆ ಹೋಗುತ್ತದೆ, ಹಿಮಾಲಯ ಎಡಗಡೆ ಬರುತ್ತದೆ. ವಾಪಸ್ ಬರುವಾಗ ಎಫ್. ನಾನು 4ಎಗೆ 750 ಕೊಟ್ಟೆ, ಮನೆಯವರ ಮಧ್ಯದ ಸೀಟಿಗೆ 450. ಬರುವಾಗ ಮತ್ತೆ ಅಷ್ಟೇ. ಒಟ್ಟು 2,400. ಭಾವಮೈದ ನಕ್ಕಿದ್ದೇ ನಕ್ಕಿದ್ದು. ಇಳಿಯೋಕೆ ಸ್ವಲ್ಪ ಮೊದಲು ಮೋಡದ ಮೇಲೆ ಬೆಳ್ಳಗೆ ಏನೋ ಕಾಣಿಸಿತು. ಅದೂ ಮೋಡವೇ ಅಂದುಕೊಂಡೆವು. ಕೆಳಗಿನ ಮೋಡ ಹಿಂದೆ ಸರಿಯುತ್ತಿದೆ, ಅದು ಮಾತ್ರ ಜಾಗ ಬಿಟ್ಟು ಕದಲುತ್ತಿಲ್ಲ! 8,586 ಮೀಟರ್ ಸ್ವಾಮಿ, ಸುಮ್ನೆನಾ? ಭಾವಮೈದ ಆಗ ಬಲಗಡೆ ಕೂತು ನಿದ್ದೆ ಹೊಡೆಯುತ್ತಿದ್ದ.

ಬಿಟಿಎಂನಿಂದ: ಬರೀ ಎ ಅಂದರೆ ಆಯ್ತಾ? ಸಾಲು ಯಾರು ಹೇಳ್ತಾರೆ? ದೆಹಲಿಗೆ ಹೋಗುವಾಗ 600 ಕೊಟ್ಟು ಎ ತಗೊಂಡೆ. ಹೋಗಿ ನೋಡಿದರೆ ಕಿಟಕಿಯೇ ಇಲ್ಲ, ಗೋಡೆ! ಬೋಯಿಂಗ್ 737ರಲ್ಲಿ ರೆಕ್ಕೆಗಿಂತ ಸ್ವಲ್ಪ ಮುಂದೆ ಎಡಗಡೆ ಎಸಿ ಪೈಪು ಗೋಡೆಯೊಳಗೆ ಮೇಲಕ್ಕೆ ಹೋಗುತ್ತದೆ, ಅಲ್ಲಿ ಕಿಟಕಿ ಇಡೋದಿಲ್ಲ. ದೂರು ಕೊಟ್ಟರೆ, 'ನೀವು ಕೇಳಿದ ಸೀಟೇ ಕೊಟ್ಟಿದ್ದೇವೆ' ಅಂತ ಉತ್ತರ. ಜಗಳ ಆಡಿ ಆಡಿ 300ರ ಕೂಪನ್ ಬಂತು. ಅದನ್ನು ಬಳಸಬೇಕಾದರೆ ಇನ್ನೊಂದು ಟಿಕೆಟ್ ಕೊಳ್ಳಬೇಕಂತೆ! ಇನ್ನು ರೆಕ್ಕೆಯ ಹಿಂದೆ ಕೂತರೆ ಎಂಜಿನ್ನಿನ ಬಿಸಿಗಾಳಿಗೆ ಫೋಟೋದಲ್ಲಿ ಬೆಟ್ಟವೆಲ್ಲ ಕಲಸಿಹೋಗಿರುತ್ತದೆ.

ರಾಜಾಜಿನಗರದವರು: ಸೀಟಿಗೆ ದುಡ್ಡು ಕೊಡೋದೇ ದಂಡ. ನಾನು ಒಂದು ಪೈಸೆ ಕೊಟ್ಟವನಲ್ಲ. ಕಿಟಕಿ ಪಕ್ಕದವರನ್ನು ನಯವಾಗಿ ಕೇಳುತ್ತೇನೆ, ಬಿಟ್ಟುಕೊಡ್ತಾರೆ. ಉಳಿದ ದುಡ್ಡಲ್ಲಿ ಡಾರ್ಜಿಲಿಂಗ್ ಹತ್ತಿರದ ಟೈಗರ್ ಹಿಲ್‌ಗೆ ಜೀಪಲ್ಲಿ ಹೋಗಿ ಅದೇ ಬೆಟ್ಟವನ್ನು ಸೂರ್ಯೋದಯದ ಜೊತೆ ನೋಡಿದೆ.

ಮಲ್ಲೇಶ್ವರದವರು: ಓಹೋ, ದುಡ್ಡು ಕೊಟ್ಟು ಕೂತವರನ್ನು ಎಬ್ಬಿಸೋ ಮಹಾನುಭಾವರು ನೀವೇನಾ! ನಮ್ಮನ್ನೂ ಒಬ್ಬರು ಹೀಗೇ 'ನಯವಾಗಿ' ಕೇಳಿದ್ದರು. ಕೊಡಲ್ಲ ಅಂದಿದ್ದಕ್ಕೆ ದಾರಿಯುದ್ದಕ್ಕೂ ಮೊಣಕೈಯಲ್ಲಿ ತಿವಿದರು.

ರಾಜಾಜಿನಗರದವರು: ನಾನು ತಿವಿದಿಲ್ಲ ರೀ. ನಾಲಿಗೆ ಬಿಗಿ ಹಿಡಿದು ಮಾತಾಡಿ.

ವಿಜಯನಗರದಿಂದ, ಊರು ಮೂಡಬಿದಿರೆ: ಹಿಮಾಲಯ ಹಿಮಾಲಯ ಅಂತ ಯಾಕೆ ಬಡ್ಕೊಳ್ತೀರಿ ಮಾರಾಯ್ರೆ? ಮಳೆ ಬಿಟ್ಟ ಮೇಲೆ ಮಂಗಳೂರಿಗೆ ಎಟಿಆರ್ ಅನ್ನೋ ಫ್ಯಾನಿನ ಸಣ್ಣ ವಿಮಾನದಲ್ಲಿ ಹೋಗಿ ನೋಡಿ. ಅದರ ರೆಕ್ಕೆ ತಲೆಯ ಮೇಲಿರುತ್ತದೆ, ಯಾವ ಸಾಲಾದರೂ ಕೆಳಗೆ ಕಾಣುತ್ತದೆ. ಮುಂದಿನ ಸಾಲುಗಳಲ್ಲಿ ಮಾತ್ರ ಫ್ಯಾನು ಅಡ್ಡ. ಹೋಗುವಾಗ ಬಲಗಡೆ ಕೂತರೆ ಕುದುರೆಮುಖದ ಕಡೆ ಕಣ್ಣು ಹಾಯುತ್ತದೆ. ಕೊನೆಗೆ ಬಜ್ಪೆಯ ಗುಡ್ಡದ ಮೇಲೆ ಇಳಿಯೋದು. ಜೀವ ಕೈಗೆ ಬರುತ್ತದೆ, ಆದರೂ ಕಣ್ಣು ಮುಚ್ಚೋಕೆ ಮನಸ್ಸು ಬರೋದಿಲ್ಲ.

ಜಯನಗರದಿಂದ: ಎಲ್ಲರಿಗೂ ಥ್ಯಾಂಕ್ಸ್. ಅಮ್ಮನ ಮಂಡಿ ಬಗ್ಗೆ ಯಾರೂ ಹೇಳಲೇ ಇಲ್ಲ?

ಬಿಟಿಎಂನಿಂದ: ಟಿಕೆಟ್ ಮಾಡುವಾಗಲೇ ವೀಲ್‌ಚೇರ್ ಕೇಳಿ. ಎಮರ್ಜೆನ್ಸಿ ಬಾಗಿಲಿನ ಸಾಲಲ್ಲಿ ಕಾಲು ಚಾಚೋಕೆ ಜಾಗ ಇದೆ ಅಂತ ಅದನ್ನು ತಗೋಬೇಡಿ, ಅಮ್ಮನನ್ನು ಅಲ್ಲಿಂದ ಎಬ್ಬಿಸ್ತಾರೆ. ಮತ್ತೆ ಬಾಗ್ಡೋಗ್ರಾ ವಾಯುಪಡೆಯ ನಿಲ್ದಾಣ, ಇಳಿದ ಮೇಲೆ ಫೋಟೋ ತೆಗೆಯದೆ ಫೋನ್ ಒಳಗಿಡಿ. ನಿಜವಾದ ಖರ್ಚು ದೇವನಹಳ್ಳಿಯದು. ನಾನು ಟ್ಯಾಕ್ಸಿಗೆ 1,350 ಕೊಟ್ಟೆ, ಸಾದಹಳ್ಳಿ ಟೋಲ್ ಬೇರೆ.

ರಾಜಾಜಿನಗರದವರು: ವಾಯುವಜ್ರ ಬಸ್ ಯಾಕಿದೆ ಮತ್ತೆ?

ಮಲ್ಲೇಶ್ವರದವರು: ಮಂಡಿ ನೋವಿನ ಅಮ್ಮನನ್ನು ಬೆಳಗಿನ ಜಾವ ಬಸ್ ಹತ್ತಿಸ್ತೀರಾ? ಅಲ್ಲೂ ಯಾರನ್ನಾದರೂ ಎಬ್ಬಿಸಿ ಕೂರಿಸ್ತೀರೇನೋ.

ರಾಜಾಜಿನಗರದವರು: ಕೂರಿಸ್ತೀನಿ, ಏನೀಗ?