ಡೀಪ್ ಫ್ರೀಜರ್ ಕಟ್‌ಆಫ್ ಆಗುತ್ತಿಲ್ಲ, ಬಿಲ್ ಏರುತ್ತಿದೆ: ಗ್ಯಾಸ್ ಚಾರ್ಜ್ ಮಾಡಿಸಬೇಕೆ?

ಕಾರವಾರ ಖಾನಾವಳಿ:
ನಮ್ಮದು ಮೀನೂಟದ ಹೋಟೆಲ್. 500 ಲೀಟರಿನ ಎರಡು ಮುಚ್ಚಳದ ಚೆಸ್ಟ್ ಫ್ರೀಜರ್ ಇದೆ, ಪಕ್ಕದಲ್ಲಿ ಸೋಡಾ ಬಾಟಲಿಗಳ ವಿಸಿ ಕೂಲರ್ (ಗಾಜಿನ ಬಾಗಿಲಿನ ಫ್ರಿಜ್). ಮಳೆಗಾಲಕ್ಕೆ ಮೀನುಗಾರಿಕೆ ಬೋಟು ಬಂದ್ ಆಗುವ ಮೊದಲು ಬಂಗಡೆ, ಇಸವಣ, ಶೆಟ್ಲಿ ತುಂಬಿಟ್ಟಿದ್ದೇವೆ. ಜೂನ್ ಶುರುವಾದಾಗಿನಿಂದ ಕಂಪ್ರೆಸರ್ ನಿಲ್ಲುವುದೇ ಇಲ್ಲ. ಥರ್ಮೋಸ್ಟಾಟ್ ಕೊನೆಯ ನಂಬರಿಗೆ ತಿರುಗಿಸಿದರೂ ಒಳಗೆ ಮೈನಸ್ 11 ಡಿಗ್ರಿ ದಾಟುತ್ತಿಲ್ಲ. ಗ್ಯಾಸ್ ಕಡಿಮೆಯಾಗಿದೆ, ಚಾರ್ಜ್ ಮಾಡಬೇಕು ಅಂತ ಮೆಕ್ಯಾನಿಕ್ ಹೇಳುತ್ತಾರೆ. ಮಾಡಿಸಲೇ?

ಕುಮಟಾ ಕೂಲಿಂಗ್:
ಈಗಲೇ ಬೇಡ ಮಾರಾಯ್ರೆ. ಗ್ಯಾಸ್ ತಾನಾಗಿ ಸವೆಯುವ ವಸ್ತುವಲ್ಲ. ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ ಅಂತ ಅರ್ಥ. ಸೋರುವ ಜಾಗ ಹುಡುಕದೆ ತುಂಬಿಸಿದರೆ ಅದೂ ಸೋರಿ ಹೋಗುತ್ತದೆ. ಮೊದಲು ಇಷ್ಟು ನೋಡಿ ಹೇಳಿ.

ಒಳಗೋಡೆಯ ಮೇಲೆ ಹಿಮ ಸುತ್ತಲೂ ಒಂದೇ ಸಮ ಇದೆಯೋ, ಒಂದು ಕಡೆ ಮಾತ್ರವೋ? ಒಂದೇ ಕಡೆ ಕಟ್ಟಿ ಉಳಿದ ಗೋಡೆ ಬೋಳಾಗಿದ್ದರೆ ಗ್ಯಾಸ್ ಕಡಿಮೆ, ಇಲ್ಲವೇ ಪೈಪಿನಲ್ಲಿ ಕಸ ಕಟ್ಟಿದೆ. ಇಂಥ ಫ್ರೀಜರ್‌ಗಳಲ್ಲಿ ಹೆಚ್ಚಿನವಕ್ಕೆ ಹೊರಮೈ ತಗಡಿನ ಹಿಂದೆಯೇ ಕಂಡೆನ್ಸರ್ ಪೈಪು, ಅಂದರೆ ಶಾಖ ಹೊರಹಾಕುವ ಪೈಪು, ಸುತ್ತಿರುತ್ತದೆ. ಹೊರಗೋಡೆಗೆ ಕೈಯಿಟ್ಟು ನೋಡಿ: ಬೆಚ್ಚಗಿದ್ದರೆ ಶಾಖ ಹೊರಬರುತ್ತಿದೆ. ಕಂಪ್ರೆಸರ್ ಸುಡುತ್ತಿದ್ದು ಹೊರಮೈ ಮಾತ್ರ ತಣ್ಣಗಿದ್ದರೆ ಅನುಮಾನ ಪಡಿ. ಕ್ಲಾಂಪ್ ಮೀಟರ್ (ವೈರಿನ ಸುತ್ತ ಹಿಡಿದು ಕರೆಂಟ್ ಅಳೆಯುವ ಮೀಟರ್) ಹಾಕಿ ಆಂಪಿಯರ್ ಅಳೆದು ಹಿಂದಿನ ಪ್ಲೇಟಿನಲ್ಲಿ ಬರೆದದ್ದಕ್ಕೆ ಹೋಲಿಸಿ. ಗ್ಯಾಸ್ ಕಡಿಮೆಯಿದ್ದರೆ ಕಂಪ್ರೆಸರಿಗೆ ಹೊರೆಯೇ ಇರುವುದಿಲ್ಲ, ಆಂಪಿಯರ್ ಸಾಕಷ್ಟು ಕೆಳಗಿರುತ್ತದೆ.

ಕೊನೆಯದಾಗಿ ಗ್ಯಾಸ್ಕೆಟ್, ಅಂದರೆ ಮುಚ್ಚಳದಂಚಿನ ರಬ್ಬರ್ ಪಟ್ಟಿ. ಹತ್ತು ರೂಪಾಯಿ ನೋಟನ್ನು ಮುಚ್ಚಳದಡಿ ಸಿಕ್ಕಿಸಿ ಎಳೆಯಿರಿ, ಸುತ್ತಲೂ ಗೇಣಿಗೊಂದು ಸಲ. ಬಿಗಿಯಿಲ್ಲದೆ ಜಾರಿ ಬಂದಲ್ಲಿ ಗಾಳಿ ನುಗ್ಗುತ್ತಿದೆ.

ಶಿರಸಿ ವೈರಿಂಗ್:
ಬಿಲ್ ಏರಿದ್ದಕ್ಕೆ ಫ್ರೀಜರ್ ಒಂದೇ ಕಾರಣ ಅಂತ ಹೇಗೆ ಗೊತ್ತು? ಅಂಗಡಿ ಮುಚ್ಚಿದ ಮೇಲೆ ಬೋರ್ಡಿನ ಎಲ್ಲ ಎಂಸಿಬಿ ಸ್ವಿಚ್ ಇಳಿಸಿ, ಒಂದೊಂದೇ ಏರಿಸಿ ಮೀಟರಿನ ಕೆಂಪು ದೀಪದ ಮಿಣುಕು ಎಣಿಸಿ. ಮೀಟರ್ ಮೇಲೆ ಒಂದು ಯೂನಿಟ್ಟಿಗೆ ಎಷ್ಟು ಮಿಣುಕು ಅಂತ ಬರೆದಿರುತ್ತದೆ. 3200 ಇದ್ದರೆ, 10 ಮಿಣುಕಿಗೆ ಹಿಡಿದ ಸೆಕೆಂಡುಗಳಿಂದ 11,250ನ್ನು ಭಾಗಿಸಿ. ಬಂದದ್ದೇ ವ್ಯಾಟ್.

ಕಾರವಾರ ಖಾನಾವಳಿ:
ಮೀಟರ್ 3200ರದ್ದೇ. ಫ್ರೀಜರ್ ಒಂದೇ ಇದ್ದಾಗ 10 ಮಿಣುಕಿಗೆ 37-38 ಸೆಕೆಂಡ್, ವಿಸಿ ಕೂಲರ್ ಒಂದೇ ಇದ್ದಾಗ 45. ಹಿಮ ಸುತ್ತಲೂ ಸಮ, ಆದರೆ ಮೇಲಂಚಿನಲ್ಲಿ ಒಂದು ಇಂಚಿಗಿಂತ ದಪ್ಪ. ಹೊರಮೈ ಎದುರಿಗೆ ಮತ್ತು ಎರಡೂ ಬದಿಗೆ ಬೆಚ್ಚಗಿದೆ, ಹಿಂಬದಿ ಗೋಡೆಗೆ ತಾಗಿದೆ. ಆಂಪಿಯರ್ ಪ್ಲೇಟಿನಷ್ಟೇ. ನೋಟು ಹಿಂಜಿನ ಕಡೆ ಎರಡೂ ಮೂಲೆಯಲ್ಲಿ ಸಲೀಸಾಗಿ ಬರುತ್ತದೆ.

ಕುಮಟಾ ಕೂಲಿಂಗ್:
ಹಾಗಾದರೆ ಗ್ಯಾಸ್ ಸರಿಯಿದೆ, ಚಾರ್ಜಿಂಗ್ ದುಡ್ಡು ಉಳಿಯಿತು. ಫ್ರೀಜರ್ ಸುಮಾರು 300 ವ್ಯಾಟ್. ನಿಲ್ಲದೆ ಓಡಿದರೆ ದಿನಕ್ಕೆ 7.2 ಯೂನಿಟ್, ಅರ್ಧ ಹೊತ್ತು ನಿಂತರೆ 3.6. ಮುಚ್ಚಳ ಸರಿಯಾಗಿ ಕೂರದೆ ಮಳೆಗಾಲದ ಒದ್ದೆ ಗಾಳಿ ಒಳಗೆ ಹೋಗಿ ಮೇಲಂಚಿನಲ್ಲಿ ಹಿಮವಾಗುತ್ತದೆ. ಆ ಹಿಮವೇ ಮುಚ್ಚಳವನ್ನು ಎತ್ತಿ ಹಿಡಿಯುತ್ತದೆ, ಸಂದು ಇನ್ನೂ ಅಗಲವಾಗುತ್ತದೆ. ಗೋಡೆಯ ಮೇಲಿನ ಹಿಮವಂತೂ ಕಂಬಳಿ ಹೊದಿಸಿದ ಹಾಗೆ, ತಂಪು ಮೀನಿಗೆ ತಲುಪುವುದಿಲ್ಲ. ಥರ್ಮೋಸ್ಟಾಟಿನ ಕೊನೆಯ ನಂಬರಿನಿಂದ ತಂಪು ಬೇಗ ಬರುವುದಿಲ್ಲ, ಎಲ್ಲಿ ನಿಲ್ಲಬೇಕು ಅನ್ನುವುದಷ್ಟೇ ಬದಲಾಗುತ್ತದೆ.

ಮೀನನ್ನೆಲ್ಲ ಥರ್ಮೋಕೋಲ್ ಪೆಟ್ಟಿಗೆಗಳಲ್ಲಿ ಐಸಿನೊಂದಿಗೆ ಒತ್ತಾಗಿ ತುಂಬಿ ಮುಚ್ಚಿಡಿ. ಪ್ಲಗ್ ತೆಗೆದು, ತಳದ ಬಿರಡೆ ಬಿಚ್ಚಿ, ಒಳಗೆ ಎರಡು ಪಾತ್ರೆ ಬಿಸಿನೀರು ಇಟ್ಟು ಮುಚ್ಚಳ ಹಾಕಿ. ಹಿಮ ತಾನೇ ಬಿಡುತ್ತದೆ. ಚಾಕು, ಸ್ಕ್ರೂಡ್ರೈವರ್ ಹಾಕಿ ಕೆತ್ತಬೇಡಿ. ಒಳತಗಡಿನ ಹಿಂದೆಯೇ ಪೈಪಿದೆ, ತೂತಾದರೆ ಆಗ ನಿಜವಾಗಿಯೂ ಗ್ಯಾಸ್ ಹೋಗುತ್ತದೆ. ಒಣಗಿಸಿ, ಖಾಲಿ ಫ್ರೀಜರನ್ನೇ ಎರಡು ಮೂರು ಗಂಟೆ ಓಡಿಸಿ ಆಮೇಲೆ ತುಂಬಿ.

ಗ್ಯಾಸ್ಕೆಟನ್ನು ಸೋಪುನೀರಿನಲ್ಲಿ ತೊಳೆದು, ಸೊಟ್ಟಾದ ಕಡೆ ಬಿಸಿನೀರಿನ ಬಟ್ಟೆ ಒತ್ತಿ ಹಿಡಿದು ನೇರ ಮಾಡಿ. ರಬ್ಬರ್ ಗಟ್ಟಿಯಾಗಿದ್ದರೆ, ಬಿರಿದಿದ್ದರೆ ಅಳತೆ ಕೊಟ್ಟು ಹೊಸದು ಹಾಕಿಸಿ. ನೋಟು ಜಾರಿದ್ದು ಹಿಂಜಿನ ಕಡೆಯಾದ್ದರಿಂದ ಹಿಂಜಿನ ಸ್ಕ್ರೂ ಸಡಿಲವಾಗಿರಬಹುದು, ಅದನ್ನು ಮೊದಲು ಬಿಗಿ ಮಾಡಿ. ಹಿಂಬದಿ ಗೋಡೆಯಿಂದ 15 ಸೆಂಟಿಮೀಟರ್ ಬಿಡಿ, ಪಕ್ಕಕ್ಕೆ ಅಕ್ಕಿ ಚೀಲ ಒರಗಿಸಬೇಡಿ. ಇಷ್ಟಾದ ಮೇಲೆ ಮೈನಸ್ 18 ಬಂದು ನಿಲ್ಲಬೇಕು.

ಇನ್ನೊಂದು. ಇದು ಮೀನು ಕಾಯುವ ಪೆಟ್ಟಿಗೆ, ಹೆಪ್ಪುಗಟ್ಟಿಸುವ ಯಂತ್ರ ಅಲ್ಲ. ಐಸಿನಲ್ಲಿದ್ದ ಮೀನಿಗಿಂತ 28 ಡಿಗ್ರಿಯ ಮೀನಿನಿಂದ ಸುಮಾರು ಮೂರರಲ್ಲೊಂದು ಪಾಲು ಹೆಚ್ಚು ಶಾಖ ತೆಗೆಯಬೇಕು. ಮುಂದಿನ ವರ್ಷ ಬಂದ್‌ಗೆ ಮೊದಲು ತುಂಬುವಾಗ ಐಸಿನಲ್ಲಿ ತಣಿಸಿ, ಒಂದೆರಡು ಕಿಲೋದ ಚಪ್ಪಟೆ ಪೊಟ್ಟಣ ಮಾಡಿ, ದಿನಕ್ಕೆ ಸ್ವಲ್ಪ ಸ್ವಲ್ಪ ಹಾಕಿ. ಕರೆಂಟ್ ಉಳಿಯಲಿ ಅಂತ ಮೈನಸ್ 12ಕ್ಕೆ ಇಡುವವರಿದ್ದಾರೆ. ಬಂಗಡೆ, ತಾರ್ಲೆಯ ಎಣ್ಣೆ ಅಲ್ಲಿ ಬೇಗ ಕಮಟುತ್ತದೆ, ಮೀನೇ ಹಾಳು.

ಮುಂದೆ ಎಂದಾದರೂ ಗ್ಯಾಸ್ ಕೆಲಸ ಬಂದರೆ ಕಂಪ್ರೆಸರ್ ಮೇಲಿನ ಚೀಟಿ ನೋಡಿ. ಆರ್-290 ಅಂತಿದ್ದರೆ ಅದು ಪ್ರೋಪೇನ್, ಬೆಂಕಿ ಹತ್ತುವ ಗ್ಯಾಸ್, ಒಲೆಯ ಹತ್ತಿರ ಬಿಚ್ಚಲೇಬಾರದು.

ಶಿರಸಿ ವೈರಿಂಗ್:
ವಿಸಿ ಕೂಲರ್ 250 ವ್ಯಾಟ್ ಬಂತು. ಒಳಗೆ ಹಾಲು, ಮೊಸರು, ಸೋಲ್‌ಕಡಿ ಇಲ್ಲವೆಂದರೆ ರಾತ್ರಿ 11ರಿಂದ ಬೆಳಿಗ್ಗೆ 6ರವರೆಗೆ ಟೈಮರ್ ಹಾಕಿ ಆರಿಸಿ. ಬಾಟಲಿಗೆ ಏನೂ ಆಗುವುದಿಲ್ಲ. ಕೆಳಗಿನ ಜಾಲರಿ ತೆಗೆದು ಕಂಡೆನ್ಸರ್ ನೋಡಿ, ಸಮುದ್ರದ ಉಪ್ಪುಗಾಳಿಗೆ ಅಲ್ಯೂಮಿನಿಯಂ ರೆಕ್ಕೆಗಳು ಬಿಳಿ ಪುಡಿಯಾಗುತ್ತವೆ. ಪ್ಲಗ್ ತೆಗೆದು, ಮೆತ್ತನೆಯ ಬ್ರಶ್ಶಿನಿಂದ ರೆಕ್ಕೆಯ ಉದ್ದಕ್ಕೆ ಉಜ್ಜಿ, ಸಿಹಿನೀರು ಚಿಮುಕಿಸಿ ಒಣಗಿಸಿ. ಆಸಿಡ್ ಬೇಡ.

ಕಾರವಾರ ಖಾನಾವಳಿ:
ಹಿಂಜು ಬಿಗಿ ಮಾಡಿಸಿ ಹೊಸ ಗ್ಯಾಸ್ಕೆಟ್ ಹಾಕಿಸಿದೆವು. ಈಗ ಮೈನಸ್ 18ಕ್ಕೆ ನಿಲ್ಲುತ್ತಿದೆ. ಜೊತೆಗೆ ಇನ್ನೊಂದು ಪ್ರಶ್ನೆ: ಕುಚ್ಚಲಕ್ಕಿ ಬೇಯಿಸುವ ಒಲೆಯಲ್ಲಿ ಹಳದಿ ಉರಿ, ಪಾತ್ರೆ ತಳ ಕಪ್ಪು. 19 ಕಿಲೋ ಸಿಲಿಂಡರ್ ಬೇಗ ಮುಗಿಯುತ್ತಿದೆ.

ಅಂಕೋಲಾ ಒಲೆ ರಿಪೇರಿ:
ಹಳದಿ ಉರಿ ಅಂದರೆ ಗಾಳಿ ಸಾಲುತ್ತಿಲ್ಲ. ಸಿಲಿಂಡರ್ ವಾಲ್ವ್ ಮುಚ್ಚಿ, ಬರ್ನರ್ ಎತ್ತಿ, ಗಾಳಿ ಬೆರೆಯುವ ಕೊಳವೆಯೊಳಗೆ ಜೇಡರ ಬಲೆ, ಚೆಲ್ಲಿದ ಗಂಜಿ ಇದೆಯೇ ನೋಡಿ. ಜೆಟ್ಟಿಗೆ (ಗ್ಯಾಸ್ ಚಿಮ್ಮುವ ಸಣ್ಣ ತೂತಿನ ತುದಿ) ಉಕ್ಕಿನ ತಂತಿ ಚುಚ್ಚಬೇಡಿ, ತೂತು ದೊಡ್ಡದಾಗಿ ಗ್ಯಾಸ್ ಹೆಚ್ಚು ಬರುತ್ತದೆ. ಕೆಟ್ಟಿದ್ದರೆ ಅದೇ ನಂಬರಿನ ಹೊಸ ಜೆಟ್ ಹಾಕಿ. ಆಮೇಲೆ ಏರ್ ಶಟರ್ (ಗಾಳಿ ಹೆಚ್ಚು ಕಡಿಮೆ ಮಾಡುವ ಮುಚ್ಚಳ) ತಿರುಗಿಸುತ್ತಾ ನೀಲಿ ಉರಿಗೆ ನಿಲ್ಲಿಸಿ. ಉರಿ ಬರ್ನರ್ ಬಿಟ್ಟು ಮೇಲೆ ಹಾರಿದರೆ ಗಾಳಿ ಹೆಚ್ಚಾಯಿತು.

ಕುಚ್ಚಲಕ್ಕಿಯನ್ನು ಒಂದೆರಡು ಗಂಟೆ ನೆನೆಸಿ ಹಾಕಿ. ಕುದಿ ಬಂದ ಮೇಲೆ ಮುಚ್ಚಳ ಹಾಕಿ ಉರಿ ತಗ್ಗಿಸಿ. ಕೊತಕೊತ ಕುದಿಸಿದರೂ ನೀರು 100 ಡಿಗ್ರಿ ದಾಟುವುದಿಲ್ಲ, ಅಕ್ಕಿ ಬೇಗ ಬೇಯುವುದಿಲ್ಲ, ಆವಿ ಮಾತ್ರ ಹೆಚ್ಚು. ಒಲೆಯ ಶಾಖದಲ್ಲಿ ಅರ್ಧ ಪಾತ್ರೆಗೆ ಸೇರುತ್ತದೆ ಅಂತ ಹಿಡಿದರೂ ಒಂದು ಲೀಟರ್ ನೀರು ಆವಿಯಾಗಲು ಸುಮಾರು 100 ಗ್ರಾಂ ಗ್ಯಾಸ್ ಬೇಕು.