ಮನೆಯಲ್ಲಿ ಕೂತು ಓದಿದರೆ ಅದು ಓದಲ್ವಾ?

ಹಗರೆ ಹುಡುಗ

ನಮ್ಮೂರು ಹಾಸನದಿಂದ ಬೇಲೂರಿಗೆ ಹೋಗುವ ದಾರಿಯಲ್ಲಿ, ಹಗರೆ ಹತ್ತಿರ. ಅತ್ತಿಗೆ ಪಿಯುಸಿ ಮುಗಿಸಿದ ವರ್ಷವೇ ಮದುವೆಯಾಗಿ ಬಂದವರು. ಈಗ ಮಗ ಮೂರನೇ ಕ್ಲಾಸು. ಕಳೆದ ವರ್ಷ ದೂರಶಿಕ್ಷಣದಲ್ಲಿ ಬಿಎಗೆ ಸೇರಿದರು, ಫೀಸು ಅಣ್ಣನೇ ಕಟ್ಟಿದ. ಬೇಡ ಅಂತ ಮನೆಯಲ್ಲಿ ಯಾರೂ ಅಂದಿಲ್ಲ.

ಆದರೆ ಅವರು ಓದಲು ಕೂತರೆ ಸಾಕು, ಯಾರಾದರೂ ಕರೆಯುತ್ತಾರೆ. ನಮ್ಮಮ್ಮ ಕೆಟ್ಟವರಲ್ಲ. "ಮನೇಲೇ ತಾನೇ ಓದೋದು, ಆಮೇಲೆ ಓದಿಕೊಂಡರಾಯ್ತು" ಅನ್ನುತ್ತಾರೆ ಅಷ್ಟೇ. ಆ ಆಮೇಲೆ ಬರುವುದು ರಾತ್ರಿ ಹತ್ತೂವರೆಗೆ, ದೋಸೆ ಹಿಟ್ಟು ರುಬ್ಬಿಟ್ಟ ಮೇಲೆ. ಮೊನ್ನೆ ನೋಡಿದೆ, ಪುಸ್ತಕದ ಕಟ್ಟಿಗೆ ಸುತ್ತಿದ ದಾರ ಕೂಡ ಬಿಚ್ಚಿಲ್ಲ, ಅಕ್ಕಿ ಡಬ್ಬದ ಮೇಲೆ ಹಾಗೇ ಕೂತಿದೆ. ನನಗೆ ಡಿಪ್ಲೊಮಾ ಪರೀಕ್ಷೆ ಇದ್ದಾಗ ಇದೇ ಮನೆಯಲ್ಲಿ ಹದಿನೈದು ದಿನ ಟಿವಿ ಹಾಕಿರಲಿಲ್ಲ. ಅದು ನೆನಪಾಗಿ ಸಂಕಟವಾಯಿತು.

ಬೇರೆ ದೇಶಗಳಲ್ಲೂ ಹೀಗೇನಾ? ಕೆಲವು ಕಡೆ ದೂರಶಿಕ್ಷಣಕ್ಕೆ ಒಳ್ಳೆ ಬೆಲೆ ಇದೆ, ನಮ್ಮಲ್ಲಿ ಯಾಕೆ "ಓ, ಕರೆಸ್ಪಾಂಡೆನ್ಸಾ" ಅಂತ ಮೂಗು ಮುರಿಯುತ್ತಾರೆ? ಗೊತ್ತಿದ್ದವರು ಹೇಳಿ.

ನಿವೃತ್ತ ಮೇಷ್ಟ್ರು, ಹಾಸನ

ತಮ್ಮಾ, ನಾನು ಬಹಳ ವರ್ಷ ಭಾನುವಾರದ ಸಂಪರ್ಕ ತರಗತಿಗಳಿಗೆ, ಅಂದರೆ ದೂರಶಿಕ್ಷಣದವರನ್ನು ಒಂದೆಡೆ ಕೂರಿಸಿ ಹೇಳುವ ತರಗತಿಗಳಿಗೆ, ಪಾಠ ಮಾಡಿದ್ದೇನೆ. ನಿಮ್ಮ ಅತ್ತಿಗೆಯಂಥವರು ನನ್ನ ಕ್ಲಾಸಿನಲ್ಲಿ ಸಾಲುಸಾಲಾಗಿ ಕೂತಿದ್ದಾರೆ, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಬ್ರಿಟನ್ನಿನಲ್ಲಿ ಓಪನ್ ಯೂನಿವರ್ಸಿಟಿ ಸ್ಥಾಪನೆಯಾದದ್ದು 1969ರಲ್ಲಿ. ನಮ್ಮ ಮೈಸೂರು ವಿಶ್ವವಿದ್ಯಾನಿಲಯ ಅಂಚೆ ತೆರಪಿನ ಶಿಕ್ಷಣ, ಅಂದರೆ ಅಂಚೆಯಲ್ಲಿ ಪಾಠ ಕಳಿಸುವ ಕರೆಸ್ಪಾಂಡೆನ್ಸ್ ಕೋರ್ಸು, ಶುರು ಮಾಡಿದ್ದೂ 1969ರಲ್ಲೇ. ವರ್ಷ ಒಂದೇ, ಆದರೆ ಹುಟ್ಟಿದ ಕಾರಣ ಬೇರೆ. ಅಲ್ಲಿ ಸರ್ಕಾರ ಮುಂದೆ ನಿಂತು, ಕಾಲೇಜು ಕಾಣದ ಕೆಲಸಗಾರರಿಗೂ ಗೃಹಿಣಿಯರಿಗೂ ಇದು ಅಂತ ಸಾರಿತು. ಸೇರಲು ಹಿಂದಿನ ಮಾರ್ಕ್ಸ್ ಬೇಕಿರಲಿಲ್ಲ. 1971ರಿಂದ ಬಿಬಿಸಿಯಲ್ಲೇ ಪಾಠ ಬಂತು. ಪಕ್ಕದ ಮನೆಯವರೂ ಅದೇ ಪಾಠ ಟಿವಿಯಲ್ಲಿ ನೋಡಬಹುದಿತ್ತು, ಹಾಗಾಗಿ ಓದುವವರ ಓದು ಊರಿಗೆಲ್ಲ ಕಾಣುತ್ತಿತ್ತು. ನಮ್ಮ ದೇಶದಲ್ಲಿ 1962ರಲ್ಲಿ ದೆಹಲಿಯಲ್ಲಿ ಅಂಚೆ ಪಾಠ ಶುರುವಾದದ್ದಕ್ಕೆ ಕಾಲೇಜುಗಳಲ್ಲಿ ಜಾಗ ಸಾಲದೇ ಇದ್ದದ್ದು ಒಂದು ದೊಡ್ಡ ಕಾರಣ. ಸೀಟು ಸಿಗದವರ ದಾರಿ ಅನ್ನುವ ಹೆಸರು ಆಗಲೇ ಅಂಟಿಕೊಂಡಿತು ಅನ್ನಿಸುತ್ತದೆ ನನಗೆ. 1996ರಲ್ಲಿ ಮೈಸೂರಿನ ಆ ಸಂಸ್ಥೆಯೇ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು, ಆದರೂ ಜನರ ಬಾಯಲ್ಲಿ ಇವತ್ತಿಗೂ ಅದು ಕರೆಸ್ಪಾಂಡೆನ್ಸೇ.

ಇನ್ನು ಮನೆ ವಿಷಯ. ಆಸ್ಟ್ರೇಲಿಯಾದ ಒಳನಾಡಿನಲ್ಲಿ ಒಂದು ಮನೆಯಿಂದ ಇನ್ನೊಂದಕ್ಕೆ ಹತ್ತಾರು, ಕೆಲವು ಕಡೆ ನೂರಾರು ಕಿಲೋಮೀಟರ್. 1951ರಲ್ಲಿ ಆಲಿಸ್ ಸ್ಪ್ರಿಂಗ್ಸ್‌ನಿಂದ ರೇಡಿಯೋ ಮೂಲಕ ಮಕ್ಕಳಿಗೆ ಪಾಠ ಶುರು ಮಾಡಿದರು. ಅಲ್ಲಿ ಮಗುವಿನ ಪಕ್ಕ ತಾಯಿಯೋ, ಅದಕ್ಕೆಂದೇ ಇಟ್ಟುಕೊಂಡ ಒಬ್ಬರೋ ಕೂರಬೇಕು. ಅಂದರೆ ಮನೆಯವರೇ ಪಾಠಕ್ಕೊಂದು ಹೊತ್ತು, ಒಂದು ಮೂಲೆ ಬಿಟ್ಟುಕೊಡಬೇಕಾಯಿತು. ಪಾಕಿಸ್ತಾನದಲ್ಲಿ 1974ರಲ್ಲಿ ಮುಕ್ತ ವಿಶ್ವವಿದ್ಯಾನಿಲಯ ಶುರುವಾದಾಗ, ಹೆಣ್ಣುಮಕ್ಕಳನ್ನು ಹೊರಗೆ ಕಳಿಸಲು ಒಪ್ಪದ ಮನೆಗಳಿಗೂ ಪುಸ್ತಕ ಹೋಯಿತು. ಲಕ್ಷಾಂತರ ಹೆಣ್ಣುಮಕ್ಕಳು ಅಲ್ಲಿ ಓದಿದ್ದಾರೆ. ಹೊಸಿಲು ದಾಟದೆ ಓದಬಹುದು ಅನ್ನುವುದೇ ಅಲ್ಲಿ ಮನೆಯವರನ್ನು ಒಪ್ಪಿಸಿತು. ನಿಮ್ಮ ಮನೆಯಲ್ಲಿ ಅದೇ ಮಾತು ತಿರುಗುಬಾಣವಾಗಿದೆ. ಹೊಸಿಲು ದಾಟದ್ದು ಓದು ಅಂತ ನಿಮ್ಮ ತಾಯಿಗೆ ಕಾಣುತ್ತಿಲ್ಲ.

ತೋಟದ ರೈಟರ್, ಮೂಡಿಗೆರೆ

ಮೇಷ್ಟ್ರೇ, ನೀವು ಹೇಳಿದ್ದು ಒಪ್ಪುತ್ತೇನೆ. ಆದರೆ ಎಲ್ಲಾ ಮನೆಯವರ ಮೇಲೆ ಹಾಕಬೇಡಿ. ನಾನು ದೂರಶಿಕ್ಷಣದಲ್ಲಿ ಬಿಕಾಂ ಎರಡನೇ ವರ್ಷಕ್ಕೆ ಬಿಟ್ಟವನು. ಗಂಡಸು, ನನ್ನನ್ನು ಅಡುಗೆಮನೆಗೆ ಯಾರೂ ಕರೆಯಲಿಲ್ಲ. ಪರೀಕ್ಷೆ ಬಂದದ್ದು ಕಾಫಿ ಕೊಯ್ಲಿನ ನಡುವೆ. ಆಗ ಸಂಜೆ ಒಬ್ಬೊಬ್ಬರ ಚೀಲದ ಹಣ್ಣು ತೂಗಿ, ಕೆಜಿ ಲೆಕ್ಕ ಬರೆದು, ಕೂಲಿ ಬಟವಾಡೆ ಪಟ್ಟಿ ಮುಗಿಸುವಷ್ಟರಲ್ಲಿ ಎಂಟು ಗಂಟೆ. ನಾನಿಲ್ಲದಿದ್ದರೆ ತೂಕ ಬರೆಯುವವರೇ ಇಲ್ಲ, ರಜೆ ಕೇಳುವುದು ಹೇಗೆ? ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಮಲೆನಾಡಿನಲ್ಲಿ ಯಾರಿಗೂ ಪುರುಸೊತ್ತಿಲ್ಲ ಅನ್ನುವುದು ಟೈಮ್‌ಟೇಬಲ್ ಮಾಡುವವರಿಗೆ ಗೊತ್ತಿರಬೇಕು ಅಲ್ವಾ.

ಇನ್ನೊಂದು. 2020ರಲ್ಲಿ ಶಾಲೆ ಮುಚ್ಚಿದಾಗ ಚಂದನದಲ್ಲಿ ಪಾಠ ಹಾಕಿದರು, ಒಳ್ಳೆ ಕೆಲಸ. ನಮ್ಮ ತೋಟದ ಕೂಲಿಯವರ ಲೈನ್ ಮನೆಗಳಲ್ಲಿ ಟಿವಿ ಇತ್ತು, ಮಳೆಗೆ ಕರೆಂಟು ಇರಲಿಲ್ಲ. ಆನ್‌ಲೈನ್ ಕ್ಲಾಸಿಗೆ ಮಕ್ಕಳು ಕೊಡೆ ಹಿಡಿದು ಗುಡ್ಡ ಹತ್ತುತ್ತಿದ್ದರು. ಒಂದು ಮನೆಯಲ್ಲಿ ಅಕ್ಕ ಎಸ್ಸೆಸ್ಸೆಲ್ಸಿ, ತಮ್ಮ ಏಳನೇ ಕ್ಲಾಸು, ಫೋನು ಒಂದೇ. ಫೋನ್ ಹಿಡಿದು ಗುಡ್ಡಕ್ಕೆ ಹೋಗುತ್ತಿದ್ದವನು ತಮ್ಮ. ಕಾಡುದಾರಿ, ಹುಡುಗಿಯನ್ನು ಒಬ್ಬಳೇ ಹೇಗೆ ಕಳಿಸುವುದು ಅಂದರು. ಆ ಅಪ್ಪನ ಭಯ ಸುಳ್ಳಲ್ಲ, ಅವಳ ನಷ್ಟವೂ ಸುಳ್ಳಲ್ಲ. ಆ ಹುಡುಗಿ ಇವತ್ತಿಗೂ ನನ್ನ ಕಣ್ಣ ಮುಂದೆ ಬರುತ್ತಾಳೆ.

ಅರಸೀಕೆರೆ ಅಕ್ಕ

ತಮ್ಮಾ, ನಾನು ಮದುವೆಯಾಗಿ ಒಂಬತ್ತು ವರ್ಷದ ಮೇಲೆ ದೂರಶಿಕ್ಷಣದಲ್ಲೇ ಬಿಎ, ಆಮೇಲೆ ಕನ್ನಡ ಎಂಎ ಮಾಡಿದವಳು. ಮೊದಲ ವರ್ಷ ನನ್ನ ಪುಸ್ತಕವೂ ಕಟ್ಟು ಬಿಚ್ಚದೇ ಇತ್ತು.

ಬದಲಾದದ್ದು ಸಂಪರ್ಕ ತರಗತಿಗೆ ಹೋದ ಮೇಲೆ. ಬೆಳಿಗ್ಗೆ ಸೀರೆ ಉಟ್ಟು, ಚೀಲದಲ್ಲಿ ನೋಟ್‌ಬುಕ್ಕು, ಬುತ್ತಿ ಇಟ್ಟುಕೊಂಡು ಹಾಸನದ ಬಸ್ಸು ಹತ್ತಿದೆ. ಸಂಜೆ ಬಂದಾಗ ನಮ್ಮತ್ತೆ "ಏನು ಪಾಠ ಮಾಡಿದರು?" ಅಂತ ಕೇಳಿದರು. ಅಲ್ಲಿಯವರೆಗೆ ಒಂದು ದಿನವೂ ಕೇಳಿರಲಿಲ್ಲ. ವಚನಗಳ ಪಾಠ ಅಂದೆ. ಅವರಿಗೆ ಓದು ಬರಲ್ಲ, ಆದರೆ ಒಂದಾದ ಮೇಲೊಂದು ವಚನ ಬಾಯಲ್ಲೇ ಹೇಳಿದರು. ಆಮೇಲೆ ಅಸೈನ್‌ಮೆಂಟ್ ಬರೆಯುವಾಗ ಪಕ್ಕದಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು, ನನ್ನನ್ನು ಏಳಿಸುತ್ತಿರಲಿಲ್ಲ.

ಅದಕ್ಕೇ ಹೇಳುತ್ತೇನೆ, ಸಂಪರ್ಕ ತರಗತಿ ಕಡ್ಡಾಯವೋ ಇಲ್ಲವೋ, ಅತ್ತಿಗೆಯನ್ನು ಕಳಿಸಿ. ತರಗತಿ ಇಲ್ಲದ ವಾರ ಲೈಬ್ರರಿಗಾದರೂ ಹೋಗಲಿ. ಪರೀಕ್ಷೆ ದಿನಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕ ಬರೆಯುತ್ತೀರಲ್ಲ ಅಲ್ಲೇ, ದೊಡ್ಡದಾಗಿ ಬರೆದಿಡಿ. ಮತ್ತೆ ಯಾರಾದರೂ ಈ ಡಿಗ್ರಿ ನಡೆಯಲ್ಲ ಅಂದರೆ ಹೆದರಬೇಡಿ. ಮಾನ್ಯತೆ ಇರುವ ಸಂಸ್ಥೆಯ ದೂರಶಿಕ್ಷಣದ ಪದವಿ ರೆಗ್ಯುಲರ್ ಪದವಿಗೆ ಸಮ ಅಂತ ಯುಜಿಸಿ (ವಿಶ್ವವಿದ್ಯಾನಿಲಯ ಧನಸಹಾಯ ಆಯೋಗ) 2022ರ ಸೆಪ್ಟೆಂಬರ್‌ನಲ್ಲಿ ಸ್ಪಷ್ಟವಾಗಿ ಹೇಳಿದೆ. ಸೇರಿದ ವರ್ಷಕ್ಕೆ ಆ ಕೋರ್ಸಿಗೆ ಮಾನ್ಯತೆ ಇದೆಯಾ ಅಂತ ಮಾತ್ರ ಯುಜಿಸಿ ವೆಬ್‌ಸೈಟಿನಲ್ಲಿ ನೋಡಿಕೊಳ್ಳಿ.

ಹಗರೆ ಹುಡುಗ

ಅಕ್ಕ, ಮೇಷ್ಟ್ರೇ, ರೈಟರ್ ಅಣ್ಣ, ಎಲ್ಲರಿಗೂ ಥ್ಯಾಂಕ್ಸ್. ಇದನ್ನೆಲ್ಲ ಅತ್ತಿಗೆಗೆ ಓದಿ ಹೇಳಿದೆ. ಅಮ್ಮ ಅಲ್ಲೇ ಸೊಪ್ಪು ಬಿಡಿಸುತ್ತಾ ಕೂತಿದ್ದರು, ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅಕ್ಕಿ ತೆಗೆಯಲು ಹೋದವರು ಪುಸ್ತಕದ ಕಟ್ಟನ್ನು ತಂದು ಟಿವಿ ಮೇಜಿನ ಮೇಲಿಟ್ಟರು. ಬರುವ ಭಾನುವಾರ ತರಗತಿ ಇದೆಯಂತೆ, ಅತ್ತಿಗೆಯನ್ನು ಬೈಕಿನಲ್ಲಿ ನಾನೇ ಬಿಟ್ಟು ಬರುತ್ತೇನೆ. ಅಕ್ಕ, ಹಳೇ ಪ್ರಶ್ನೆಪತ್ರಿಕೆ ಎಲ್ಲಿ ಸಿಗುತ್ತೆ?