6 ವರ್ಷದ ಮಗುನೂ 71ರ ಹಿರಿಯರೂ ಒಂದೇ ಸ್ಪರ್ಧೇಲಿ ಹಾಡಿದ್ರೆ ಮಾರ್ಕ್ಸ್ ಹಾಕೋದು ಹೇಗೆ?

ಹೊಸರಾಗ:
ಎಲ್ಲರಿಗೂ ನಮಸ್ಕಾರ. ನಾವೊಂದು ಎಂಟು ಜನ ಸೇರ್ಕೊಂಡು ಚಿಕ್ಕದಾಗಿ ಸಂಗೀತ ಸ್ಪರ್ಧೆ ಮಾಡ್ತಿದೀವಿ. ವಯಸ್ಸಿನ ಮಿತಿ ಬೇಡ, ಹಾಡೋರು ನುಡಿಸೋರು ಯಾರಾದ್ರೂ ಬರ್ಲಿ ಅಂದಿದ್ವಿ. ಹದಿನೈದು ಹೆಸರು ಬಂದ್ರೆ ಹೆಚ್ಚು ಅಂದ್ಕೊಂಡಿದ್ದು, ಈಗ 40 ಆಗಿದೆ. ಎಲ್ರಿಗಿಂತ ಚಿಕ್ಕವಳಿಗೆ 6, ಎಲ್ರಿಗಿಂತ ದೊಡ್ಡೋರಿಗೆ 71. ಮುಕ್ಕಾಲು ಪಾಲು ಹಾಡೋರು, ಉಳಿದೋರು ಕೊಳಲು, ಪಿಟೀಲು, ಗಿಟಾರ್, ಕೀಬೋರ್ಡ್.

ವಯಸ್ಸಿನ ಮೇಲೆ ಗುಂಪು ಮಾಡೋಣ ಅಂದ್ರೆ ನಮ್ಮಲ್ಲೇ ಒಮ್ಮತ ಇಲ್ಲ. ಒಬ್ರಿಗೆ 58 ವರ್ಷ, ಕಲಿಯೋಕೆ ಶುರು ಮಾಡಿ ಎರಡೇ ವರ್ಷ, ಅದೇ ವಯಸ್ಸಿನ ಇನ್ನೊಬ್ರು ಚಿಕ್ಕಂದಿನಿಂದ ಹಾಡ್ತಾ ಬಂದೋರು, ಇಬ್ಬರನ್ನೂ ಒಂದೇ ತಕ್ಕಡೀಲಿ ಹಾಕೋದು ಹೇಗೆ? ಜೊತೆಗೆ ಜಡ್ಜ್‌ಗಳು ಮೂರು ಜನ, ಅದರಲ್ಲಿ ಒಬ್ರ ಶಿಷ್ಯರೇ ನಾಲ್ಕು ಜನ ಹೆಸರು ಕೊಟ್ಟಿದಾರೆ. ಅವರನ್ನ ಬಿಟ್ರೆ ಬೇರೆ ಜಡ್ಜ್ ನಮಗೆ ಸಿಗಲ್ಲ.

ಇಷ್ಟು ಯೋಚ್ನೆ ಯಾಕೆ ಅಂದ್ರೆ, ಹಿಂದೆ ಒಂದು ಸ್ಪರ್ಧೆಗೆ ಮಗಳನ್ನ ಕರ್ಕೊಂಡು ಹೋಗಿದ್ದೆ. ಮೈಕ್ ಅವಳ ಹಣೆ ಎತ್ತರಕ್ಕಿತ್ತು, ಯಾರೂ ಇಳಿಸ್ಲಿಲ್ಲ, ಪೂರ್ತಿ ಹಾಡನ್ನ ಕತ್ತೆತ್ತಿಕೊಂಡೇ ಹಾಡಿದ್ಲು, ಮೇಲಿನ ಷಡ್ಜ, ಅಂದ್ರೆ ಮೇಲಿನ 'ಸ' ಸ್ವರ, ಮುಟ್ಟೋಕೇ ಆಗ್ಲಿಲ್ಲ. ಕೊನೆಗೆ ಕೈಗೊಂದು ಸರ್ಟಿಫಿಕೇಟ್, ಎಲ್ಲಿ ಸರಿ ಇತ್ತು ಎಲ್ಲಿ ತಪ್ಪಿತು ಅಂತ ಒಂದು ಮಾತಿಲ್ಲ. ಆಮೇಲೆ ಆರು ತಿಂಗಳು ಸ್ಟೇಜ್ ಅಂದ್ರೆ ಬೇಡ ಅಂತಿದ್ಲು. ನಮ್ಮಲ್ಲಿ ಯಾರಿಗೂ ಹಾಗಾಗ್ಬಾರ್ದು. ಅನುಭವ ಇರೋರು ದಯವಿಟ್ಟು ಹೇಳಿ.

ಪಾಠದಮನೆ:
ಹೇಳ್ಕೊಡೋ ಕೆಲಸದಲ್ಲಿದೀನಿ, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ. ಗುಂಪು ಮಾಡೋಕೆ ವಯಸ್ಸಿಗಿಂತ ಕಲಿತ ವರ್ಷಗಳನ್ನ ನೋಡಿ. ಎರಡು ವರ್ಷದೊಳಗೆ, ಎರಡರಿಂದ ಆರು, ಆರಕ್ಕಿಂತ ಮೇಲೆ, ಇಷ್ಟು ಸಾಕು. 58ರ ನಿಮ್ಮ ಕಲಿಯೋರು ಆಗ ಹೊಸಬರ ಜೊತೆ ನಿಲ್ತಾರೆ, ಅದೇ ನ್ಯಾಯ.

ಆದ್ರೆ ಗಂಟಲಿನ ವಿಷ್ಯ ಜಡ್ಜ್‌ಗಳಿಗೆ ಗೊತ್ತಿರ್ಲೇಬೇಕು. 13-14ರ ಹುಡುಗರಿಗೆ ಧ್ವನಿ ಒಡೆಯೋ ಸಮಯ, ಹೋದ ವರ್ಷ ಕರಿ ನಾಲ್ಕರಲ್ಲಿ (ಹಾರ್ಮೋನಿಯಂನ ನಾಲ್ಕನೇ ಕರಿ ಕೀ ಶ್ರುತಿ) ಆರಾಮಾಗಿ ಹಾಡ್ತಿದ್ದೋನು ಈ ವರ್ಷ ಮಧ್ಯದಲ್ಲೇ ಕೀರಲು ಬಂದು ನಿಲ್ಲಿಸ್ತಾನೆ. ಹೆಚ್ಚುಕಮ್ಮಿ ಒಂದು ಸ್ಥಾಯಿ, ಅಂದ್ರೆ ಮೇಲಿನ 'ಸ'ದಿಂದ ಕೆಳಗಿನ 'ಸ'ವರೆಗಿನಷ್ಟು, ಕೆಳಗೆ ಇಳಿಯುತ್ತೆ ಗಂಡುಮಕ್ಕಳ ಧ್ವನಿ, ಅದು ಅವನ ಅಭ್ಯಾಸದ ದೋಷ ಅಲ್ಲ. ಹಿರಿಯರಿಗೆ ಉಸಿರು ಮೊದಲಿನಷ್ಟು ಉದ್ದ ನಿಲ್ಲಲ್ಲ, ಉದ್ದ ಸ್ವರ ಅಲುಗಾಡುತ್ತೆ. ಹಾಗಾಗಿ ಎಷ್ಟು ಮೇಲೆ ಹೋದ್ರು, ಎಷ್ಟು ಹೊತ್ತು ಹಿಡಿದ್ರು ಅನ್ನೋದಕ್ಕೆ ಮಾರ್ಕ್ಸ್ ಇಡ್ಬೇಡಿ. ತನ್ನ ಶ್ರುತಿ ತಾನು ಸರಿಯಾಗಿ ಆರಿಸ್ಕೊಂಡಿದಾರಾ, ಅದರಲ್ಲಿ ನಿಂತಿದಾರಾ, ಲಯ ಸರಿಯಾಗಿ ನಿಂತಿದ್ಯಾ, ಮಾತು ಸ್ಪಷ್ಟ ಇದ್ಯಾ, ಭಾವ ಇದ್ಯಾ. ಇವನ್ನ 6 ವರ್ಷದ ಮಗೂಲೂ ನೋಡ್ಬಹುದು, 71ರಲ್ಲೂ ನೋಡ್ಬಹುದು.

ಶಿಷ್ಯರ ವಿಷ್ಯಕ್ಕೆ ಮುಜುಗರ ಬೇಡ, ಆ ನಾಲ್ಕು ಜನಕ್ಕೆ ಗುರುಗಳು ಮಾರ್ಕ್ಸ್ ಹಾಕೋದು ಬೇಡ, ಅಷ್ಟೇ. ವಾರ್ಸಾದ ಶೋಪಾನ್ ಪಿಯಾನೋ ಸ್ಪರ್ಧೆಯಂಥ ದೊಡ್ಡ ಕಡೇನೇ ಜಡ್ಜ್‌ಗಳು ತಮ್ಮ ಶಿಷ್ಯರಿಗೆ ಅಂಕ ಕೊಡೋ ಹಾಗಿಲ್ಲ.

ಲೆಕ್ಕದತಾಳ:
@ಪಾಠದಮನೆ ಸರ್ ಹೇಳಿದ್ರಲ್ಲಿ ಒಂದು ಸಣ್ಣ ತೊಡಕಿದೆ. ಆ ಗುರುಗಳು ಕೈಬಿಗಿ ಹಿಡಿದು ಮಾರ್ಕ್ಸ್ ಹಾಕೋರಾದ್ರೆ ಅವರ ಶಿಷ್ಯರಿಗೆ ಬರೋದು ಉಳಿದಿಬ್ಬರು ಧಾರಾಳಿಗಳ ಸರಾಸರಿ, ಉಳಿದೋರಿಗೆ ಮೂವರದು. ಆಗ ಶಿಷ್ಯರಿಗೇ ಲಾಭ ಆಗ್ಬಿಡುತ್ತೆ. ಅದಕ್ಕೆ ಸ್ಪರ್ಧೆ ಶುರುವಾಗೋ ಮೊದಲು ಮೂರೂ ಜನ ಒಂದೇ ರೆಕಾರ್ಡಿಂಗ್ ಕೇಳಿ, ಬೇರೆ ಬೇರೆ ಮಾರ್ಕ್ಸ್ ಹಾಕಿ, ಎದುರಾಎದುರು ಕೂತು ಒಬ್ರು 5 ಇನ್ನೊಬ್ರು 8 ಯಾಕೆ ಕೊಟ್ರು ಅಂತ ಮಾತಾಡ್ಲಿ. ಹತ್ತು ನಿಮಿಷದ ಕೆಲಸ, ತುಂಬಾ ವ್ಯತ್ಯಾಸ ಕಮ್ಮಿ ಆಗುತ್ತೆ.

ಸರದಿ ಚೀಟಿ ಎತ್ತೇ ಮಾಡಿ, ಆದ್ರೆ ಚೀಟಿ ಎತ್ತಿದ ಮಾತ್ರಕ್ಕೆ ಎಲ್ಲ ಸಮ ಆಯ್ತು ಅಂದ್ಕೋಬೇಡಿ. ಬೆಲ್ಜಿಯಂನ ಕ್ವೀನ್ ಎಲಿಜಬೆತ್ ಸಂಗೀತ ಸ್ಪರ್ಧೇಲೂ ಸರದಿ ಚೀಟಿ ಎತ್ತೇ ಆಗೋದು, ಆದ್ರೂ ಹಳೇ ಫಲಿತಾಂಶಗಳನ್ನ ಲೆಕ್ಕ ಹಾಕಿ ನೋಡಿದಾಗ ಮೊದಲ ದಿನ ನುಡಿಸಿದೋರು ಹಿಂದೆ ಬೀಳ್ತಿದ್ದದ್ದು ಕಂಡಿದೆ, 1996ರಲ್ಲಿ ಅದರ ಬಗ್ಗೆ ಪ್ರಬಂಧ ಬಂದಿತ್ತು. ಜಡ್ಜ್‌ಗಳು ಮೊದಮೊದಲು ಮಾರ್ಕ್ಸ್ ಕೊಡೋಕೆ ಕೈ ಬಿಗಿ ಹಿಡಿತಾರೆ, ಮುಂದೆ ಇನ್ನೂ ಚೆನ್ನಾಗಿರೋರು ಬರ್ಬಹುದು ಅಂತ. ನೀವು ಪ್ರತಿ ಗುಂಪು ಮುಗಿದ ಮೇಲೆ ಆ ಗುಂಪಿನ ಮೊದಲ ಇಬ್ಬರ ಮಾರ್ಕ್ಸ್ ತಿದ್ದೋಕೆ ಅವಕಾಶ ಕೊಡಿ.

ಆಗೋದಾದ್ರೆ ಮಾರ್ಕ್ಸ್ ಹಾಕುವಾಗ ಸ್ಟೇಜ್ ಕಡೆ ನೋಡ್ದೇ ಕೇಳೋಕೆ ಹೇಳಿ. 2013ರಲ್ಲಿ ಚಿಯಾ-ಜಂಗ್ ತ್ಸೈ ಅನ್ನೋ ಸಂಶೋಧಕಿ ಸಂಗೀತ ಸ್ಪರ್ಧೆಗಳ ವಿಡಿಯೋ ಇಟ್ಕೊಂಡು ಒಂದು ಪ್ರಯೋಗ ಮಾಡಿದ್ರು, ಶಬ್ದ ಇಲ್ದೆ ಬರೀ ದೃಶ್ಯ ನೋಡಿದೋರೇ, ಬರೀ ಕೇಳಿದೋರಿಗಿಂತ ಚೆನ್ನಾಗಿ ಗೆದ್ದೋರನ್ನ ಗುರುತಿಸಿದ್ರು, ಸಂಗೀತಗಾರರೂ ಅಷ್ಟೇ. ಕಣ್ಣು ಅಷ್ಟು ಎಳೆಯುತ್ತೆ. ಮುದ್ದಾದ ಮಗು ಬಂದ್ರೆ ಎಲ್ರ ಮನಸ್ಸೂ ಕರಗುತ್ತಲ್ವಾ, ಪಕ್ಕದಲ್ಲಿ ಗಂಭೀರವಾಗಿ ಹಾಡೋ ಹನ್ನೊಂದರ ಹುಡುಗನಿಗೆ ಅದರಿಂದ ಅನ್ಯಾಯ ಆಗ್ಬಾರ್ದು.

ತಡವಾಗಿಶುರು:
ನಾನು 55ಕ್ಕೆ ಕಲಿಯೋಕೆ ಕೂತೋಳು, ಸ್ಪರ್ಧೆಗಳಲ್ಲಿ ಹಾಡಿದೀನಿ. ಕಲಿತ ವರ್ಷದ ಮೇಲೆ ಗುಂಪು ಅನ್ನೋದು ದೊಡ್ಡೋರಿಗೆ ಸರಿ, ಆದ್ರೆ 12ರ ಒಳಗಿನ ಮಕ್ಕಳನ್ನ ಬೇರೆ ಇಡಿ. ನಾನೊಮ್ಮೆ ಒಂಬತ್ತರ ಹುಡುಗನ ಜೊತೆ ಒಂದೇ ಗುಂಪಲ್ಲಿದ್ದೆ, ಇಬ್ರೂ ಎರಡು ವರ್ಷ ಕಲಿತೋರು. ನನಗೆ ಬಹುಮಾನ ಬಂತು, ಅವನ ಮುಖ ನೋಡೋಕಾಗ್ಲಿಲ್ಲ, ತಗೊಂಡ ನನಗೇ ಸಂಕಟ.

ಇನ್ನೊಂದು ಮಾತು. ಎಲ್ರಿಗೂ ಕೈಬರಹದಲ್ಲಿ ಎರಡು ಸಾಲು ಬರ್ದುಕೊಡಿ. ಒಂದು ಸಲ ಒಬ್ಬ ಜಡ್ಜ್ ನನಗೆ ಚೀಟೀಲಿ ಬರೆದಿದ್ರು, "ಅನುಪಲ್ಲವಿಯಿಂದ ಇಳಿಯುವಾಗ ಲಯ ಓಡುತ್ತಿದೆ, ಕೈಯಲ್ಲಿ ತಾಳ ಬಿಡಬೇಡಿ" ಅಂತ (ಅನುಪಲ್ಲವಿ ಅಂದ್ರೆ ಹಾಡಿನ ಎರಡನೇ ಭಾಗ). ಆ ಚೀಟಿ ಈಗ್ಲೂ ಪುಸ್ತಕದಲ್ಲಿದೆ, ಮಡಿಕೆ ಹರಿದು ಟೇಪ್ ಹಾಕಿದೀನಿ. ಸರ್ಟಿಫಿಕೇಟ್‌ಗಳು ಎಲ್ಲಿವೆ ಅಂತ ಹುಡುಕಬೇಕು.

ತಂತಿಮೈಕು:
ಸೌಂಡ್ ಕೆಲಸ ಮಾಡೋನು ನಾನು. 40 ಜನ, ತಲಾ 4 ನಿಮಿಷ, ಹತ್ತಿ ಇಳಿಯೋಕೆ 2 ನಿಮಿಷ, ಅಲ್ಲಿಗೆ 240 ನಿಮಿಷ, ಬಿಡುವು ಇಲ್ದೆ ನಾಲ್ಕು ಗಂಟೆ. ಮಕ್ಕಳ ಗುಂಪನ್ನ ಮೊದಲು ಮುಗಿಸಿ, ಆಮೇಲೆ ಅವರ ಕಣ್ಣು ಎಳೆಯುತ್ತೆ.

ಮೈಕ್ ಸ್ಟ್ಯಾಂಡ್ ಪಕ್ಕ ಒಬ್ಬ ಹುಡುಗನ್ನ ನಿಲ್ಸಿ, ಎತ್ತರ ಸರಿ ಮಾಡೋದೊಂದೇ ಅವನ ಕೆಲಸ. ಸ್ಪೀಕರ್‌ಗಳು ಮೈಕಿಗಿಂತ ಮುಂದೆ ಇರ್ಲಿ, ಹಿಂದೆ ಇಟ್ರೆ ಕೂಗುತ್ತೆ. ಟ್ರ್ಯಾಕ್ ಹಾಕ್ಕೊಂಡು ಹಾಡೋರು ಇದ್ರೆ ಫೋನ್‌ನ ಕೇಬಲ್ ಹಾಕಿ ಸೇರ್ಸಿ, ಬ್ಲೂಟೂತ್ ಬೇಡ, ಮಧ್ಯದಲ್ಲಿ ಕಡಿದು ಹೋಗ್ಬಹುದು. ಏರೋಪ್ಲೇನ್ ಮೋಡ್ ಹಾಕ್ಸಿ, ಹಾಡಿನ ಮಧ್ಯೆ ಯಾರದೋ ಕಾಲ್ ಬಂದು ಮಗು ಅಳೋದನ್ನ ಕಣ್ಣಾರೆ ನೋಡಿದೀನಿ. ಕೊಳಲಿನೋರಿಗೆ ಸ್ಟೇಜ್ ಹಿಂದೆ ಊದೋಕೆ ಜಾಗ ಕೊಡಿ, ಕೊಳಲು ಬೆಚ್ಚಗಾಗ್ತಾ ಶ್ರುತಿ ಏರುತ್ತೆ.

ಹೊಸರಾಗ:
ಎಲ್ರಿಗೂ ತುಂಬಾ ಥ್ಯಾಂಕ್ಸ್, ನಿನ್ನೆ ರಾತ್ರಿ ಕೂತು ಎಲ್ಲ ಓದಿ ಹೇಳ್ದೆ ನಮ್ಮೋರಿಗೆ. 12ರ ಒಳಗಿನೋರು ಬೇರೆ, ಉಳಿದೋರು ಕಲಿತ ವರ್ಷದ ಮೇಲೆ ಮೂರು ಗುಂಪು ಅಂತ ಆಯ್ತು. ಆ ಗುರುಗಳಿಗೆ ಫೋನ್ ಮಾಡಿದ್ರೆ ನಾವು ಹೇಳೋದಕ್ಕೆ ಮುಂಚೆ ಅವರೇ, ನನ್ನ ಮಕ್ಕಳಿಗೆ ನಾನು ಅಂಕ ಹಾಕಲ್ಲ ಅಂದ್ರು. ಚೀಟಿ ಬರೆಯೋಕೂ ಮೂರೂ ಜನ ಒಪ್ಪಿದಾರೆ, ಅದಕ್ಕೇ ಅಂತ ತಲಾ 2 ನಿಮಿಷ ಇನ್ನೂ ಜಾಸ್ತಿ ಇಟ್ಟಿದೀವಿ, ಎರಡು ಬಿಡುವು ಬೇರೆ, ಬೆಳಿಗ್ಗೆ ಬೇಗ ಶುರು ಮಾಡ್ತೀವಿ.

ಒಂದು ಉಳಿದಿದೆ. 71ರ ಅಜ್ಜನಿಗೆ ನೆಲದ ಮೇಲೆ ಕೂರೋಕಾಗಲ್ಲ, ನಿಂತ್ರೆ ಕಾಲು ನಡುಗುತ್ತೆ ಅಂತಾರೆ, ಆದ್ರೆ ಹಾಡ್ಲೇಬೇಕು ಅಂತ ಆಸೆ. ಏನು ಮಾಡೋಣ?

ತಂತಿಮೈಕು:
ಕೈ ಇಲ್ಲದ ಕುರ್ಚಿ ಹಾಕಿ, ತೊಡೆ ಮೇಲೆ ತಾಳ ಹಾಕೋಕೆ ಅಡ್ಡ ಬರ್ಬಾರ್ದು. ಕಾಲು ಪೂರ್ತಿ ನೆಲಕ್ಕೆ ಊರೋ ಎತ್ತರ ಇರ್ಲಿ. ಮುಂದಕ್ಕೆ ಚಾಚೋ ಬೂಮ್ ಸ್ಟ್ಯಾಂಡ್ ತರ್ಸಿ, ಮಂಡಿಗೆ ತಾಗದಂಗೆ ಪಕ್ಕದಿಂದ ಮೈಕ್ ತರ್ಬಹುದು. ಹಿಂದಿನ ದಿನಾನೇ ಅಜ್ಜನ್ನ ಒಂದು ಸಲ ಕೂರ್ಸಿ ನೋಡಿ, ಎತ್ತರ ಸಿಕ್ಕ ಕಡೆ ಸ್ಟ್ಯಾಂಡ್ ಮೇಲೆ ಟೇಪ್ ಸುತ್ತಿ ಗುರುತು ಮಾಡ್ಕೊಳ್ಳಿ.